ಕುಬಸದ ತಿಂಗಳಲ್ಲೇ ಕೂಸಿನ ಉಸಿರಿನ ವಿಚಾರ

ಬೆಳಗಾವಿ ಜಿಲ್ಲೆಯ ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯಲ್ಲಿ ಚೊಚ್ಚಲ ಬಸುರಿಗೆ ಏಳನೇ ತಿಂಗಳು ಹಿಡಿಯುತ್ತಲೇ ಮನೆಯಲ್ಲಿ ಕುಬಸದ ಮಾತು ಏಳುತ್ತದೆ. ಹಸಿರು ಸೀರೆ ಎಲ್ಲಿಂದ ತರುವುದು, ಬಳೆಗಾರ ಯಾವ ದಿನ ಬರಬೇಕು, ಹೆರಿಗೆಗೆ ತವರಿಗೆ ಕಳಿಸುವುದು ಯಾವ ವಾರ, ಎಲ್ಲವನ್ನೂ ಹಿರಿಯರು ಕೂತು ತೀರ್ಮಾನಿಸುತ್ತಾರೆ. ಹುಟ್ಟಲಿರುವ ಕೂಸಿನ ಎದೆಗೆ ನೆಗಡಿ ಇಳಿಯದಂತೆ ಏನು ಮಾಡುವುದು ಎಂಬ ಮಾತೂ ಅದೇ ಪಂಗತಿಯಲ್ಲಿ ಆಗಬೇಕು. ಆರ್‌ಎಸ್‌ವಿ ಎಂಬ ವೈರಸ್ಸಿನ ವಿರುದ್ಧ ತಾಯಿಗೆ ಹಾಕುವ ಲಸಿಕೆಗೆ 28 ವಾರ ತುಂಬಿರಬೇಕು, ಹಾಕಿದ ಮೇಲೆ ಹೆರಿಗೆಗೆ ಮುನ್ನ ಕನಿಷ್ಠ ಎರಡು ವಾರ ಕಳೆಯಬೇಕು. ಕೂಸಿಗೆ ಹಾಕುವ ಚುಚ್ಚುಮದ್ದು ಬೇಕೆಂದರೆ ಮೊದಲೇ ಹೇಳಿ ತರಿಸಿಡಬೇಕು. ಹೆರಿಗೆಯಾದ ಮೇಲೆ ಯೋಚಿಸಲು ಕೂತವರಿಗೆ ಇದರಲ್ಲಿ ಅರ್ಧ ದಾರಿ ಆಗಲೇ ಮುಚ್ಚಿರುತ್ತದೆ.

ಬಸುರಿಯ ಜತೆ ಗಂಡನೂ ಅತ್ತೆಯೂ ತವರಿನ ಅವ್ವನೂ ಇದನ್ನು ಓದಲಿ. ಕೂಸಿನ ವಿಷಯದಲ್ಲಿ ನಮ್ಮಲ್ಲಿ ತೀರ್ಮಾನ ಮಾಡುವವಳು ತಾಯಿಯೊಬ್ಬಳೇ ಅಲ್ಲ.

ಹೆಸರು ಕೇಳದ ವೈರಸ್

2025ರ ಜನವರಿಯಲ್ಲಿ ಬೆಂಗಳೂರಿನ ಎರಡು ಕೂಸುಗಳಲ್ಲಿ ಎಚ್‌ಎಂಪಿವಿ ಕಂಡಿತೆಂಬ ಸುದ್ದಿ ಬಂದಾಗ ನಮ್ಮ ಹಳ್ಳಿಗಳಲ್ಲೂ ದಿಗಿಲು ಹುಟ್ಟಿತು. ಅದು 2001ರಲ್ಲೇ ಗುರುತಿಸಲಾದ ಹಳೆಯ ವೈರಸ್. ಅದೇ ಕುಲದ, ಕೂಸುಗಳ ಪಾಲಿಗೆ ಅದಕ್ಕಿಂತ ಬಹಳ ಕಠಿಣವಾದ ಇನ್ನೊಂದು ವೈರಸ್ ಪ್ರತಿ ವರ್ಷ ಮನೆಮನೆಗೆ ಬಂದು ಹೋಗುತ್ತದೆ, ಅದರ ಹೆಸರು ಕೇಳಿದವರು ಕಡಿಮೆ. ಅದೇ ಆರ್‌ಎಸ್‌ವಿ, ಅಂದರೆ ರೆಸ್ಪಿರೇಟರಿ ಸಿನ್ಸಿಶಿಯಲ್ ವೈರಸ್.

ದೊಡ್ಡವರಿಗೆ ಇದು ನಾಲ್ಕು ದಿನದ ನೆಗಡಿ. ಎರಡು ತಿಂಗಳ ಕೂಸಿಗೆ ಹಾಗಲ್ಲ. ಅದರ ಶ್ವಾಸಕೋಶದ ಸಣ್ಣ ಕವಲುಗಳು ಎಷ್ಟು ಕಿರಿದೆಂದರೆ ಸ್ವಲ್ಪ ಬಾವು, ಸ್ವಲ್ಪ ಕಫ ಸೇರಿದರೂ ಗಾಳಿಯ ದಾರಿ ಕಟ್ಟುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ ಜಗತ್ತಿನಲ್ಲಿ ಐದು ವರ್ಷದೊಳಗಿನ 36 ಲಕ್ಷಕ್ಕೂ ಹೆಚ್ಚು ಮಕ್ಕಳು ಪ್ರತಿ ವರ್ಷ ಇದರಿಂದ ಆಸ್ಪತ್ರೆ ಸೇರುತ್ತಾರೆ, ಸುಮಾರು ಒಂದು ಲಕ್ಷ ಮಕ್ಕಳು ಸಾಯುತ್ತಾರೆ. ಆ ಸಾವುಗಳಲ್ಲಿ ಸುಮಾರು ಅರ್ಧ ಆರು ತಿಂಗಳೊಳಗಿನ ಕೂಸುಗಳದ್ದು. ನೂರರಲ್ಲಿ 97 ಸಾವು ಆಗುವುದು ನಮ್ಮಂಥ ದೇಶಗಳಲ್ಲಿ, ಆಮ್ಲಜನಕ ಸಿಗುವ ಹಾಸಿಗೆ ಊರಿನಿಂದ ದೂರವಿರುವ ಕಡೆ.

ಈ ರೋಗಕ್ಕೆಂದೇ ಇರುವ ಗುಳಿಗೆ ಇಲ್ಲ. ವೈರಸ್ ಆದ್ದರಿಂದ ಆ್ಯಂಟಿಬಯೋಟಿಕ್ ಇದಕ್ಕೆ ನಾಟುವುದಿಲ್ಲ. ಆಮ್ಲಜನಕ, ನೀರಿನಂಶ, ಎದೆಹಾಲು, ನಿಗಾ, ಇಷ್ಟೇ ಚಿಕಿತ್ಸೆ. ಬರದಂತೆ ನೋಡಿಕೊಳ್ಳುವುದಕ್ಕೆ ಇಷ್ಟು ಬೆಲೆ ಬಂದಿರುವುದು ಇದಕ್ಕಾಗಿ.

ಕಾಲದ ವಿಚಾರಕ್ಕೆ ಬಂದರೆ, ಉತ್ತರ ಭಾರತದಲ್ಲಿ ಇದು ಚಳಿಗಾಲದ ಸೋಂಕು. ದಕ್ಷಿಣಕ್ಕೆ ಬರುತ್ತ ಮಳೆಗಾಲದಲ್ಲೂ ಏಳುತ್ತದೆ. ಎರಡರ ನಡುವಿನ ನಮ್ಮ ಜಿಲ್ಲೆಯವರು ಮಳೆ ಹಿಡಿದಾಗಿನಿಂದ ಫೆಬ್ರವರಿವರೆಗೂ ಎಚ್ಚರದ ಕಾಲ ಎಂದಿಟ್ಟುಕೊಳ್ಳುವುದು ಒಳ್ಳೆಯದು. ಆ ತಿಂಗಳುಗಳಲ್ಲಿ, ಇಲ್ಲವೇ ಅದಕ್ಕೆ ಸ್ವಲ್ಪ ಮುಂಚೆ ಹುಟ್ಟುವ ಕೂಸಿನ ಮನೆಯವರು ಮುಂದಿನ ಮಾತನ್ನು ನಿಧಾನವಾಗಿ ಓದಬೇಕು.

ಎರಡು ದಾರಿ

ಮೊದಲನೆಯದು ತಾಯಿಗೆ ಲಸಿಕೆ. ಫೈಜರ್ ಕಂಪನಿಯ ಇದರ ಹೆಸರು ಅಬ್ರಿಸ್ವೊ. ಬಸುರಿಯ ತೋಳಿಗೆ ಒಂದೇ ಸಲ ಹಾಕುವಂಥದ್ದು. ತಾಯಿಯ ದೇಹ ಪ್ರತಿಕಾಯಗಳನ್ನು ತಯಾರಿಸುತ್ತದೆ, ಅವು ಮಾಸಿನ ಮೂಲಕ ಕೂಸಿಗೆ ದಾಟುತ್ತವೆ. ಎರಡನೆಯದು ಹುಟ್ಟಿದ ಕೂಸಿಗೆ ನೇರವಾಗಿ ಪ್ರತಿಕಾಯವನ್ನೇ ಕೊಡುವ ಚುಚ್ಚುಮದ್ದು. ಔಷಧದ ಹೆಸರು ನಿರ್ಸೆವಿಮ್ಯಾಬ್, ಮಾರಾಟದ ಹೆಸರು ಬೇಫೋರ್ಟಸ್. ತೊಡೆಗೆ ಒಂದು ಸಲ ಹಾಕಿದರೆ ಕನಿಷ್ಠ ಐದು ತಿಂಗಳ ರಕ್ಷಣೆ. ಐದು ಕೆ.ಜಿ.ಗಿಂತ ಕಡಿಮೆ ತೂಕದ ಕೂಸಿಗೆ 50 ಮಿಲಿಗ್ರಾಂ, ಐದು ಅಥವಾ ಅದಕ್ಕಿಂತ ಹೆಚ್ಚಿದ್ದರೆ 100. ಮೊದಲನೆಯದು ಹೊಲದಲ್ಲಿ ಜೋಳ ಬಿತ್ತಿ ಬೆಳೆದು ತಿಂದಂತೆ, ಅದಕ್ಕೆ ದಿನ ಬೇಕು. ಎರಡನೆಯದು ಸಂತೆಯಿಂದ ಹಿಟ್ಟನ್ನೇ ತಂದಂತೆ, ಬೇಗ ಒದಗುತ್ತದೆ.

ಅಮೆರಿಕ ಎರಡಕ್ಕೂ 2023ರಲ್ಲಿ ಅನುಮತಿ ಕೊಟ್ಟಿತು. 2025ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಎಲ್ಲ ದೇಶಗಳೂ ಎರಡರಲ್ಲಿ ತಮಗೆ ಒಗ್ಗುವುದನ್ನು ಅಳವಡಿಸಿಕೊಳ್ಳಲಿ ಎಂದು ಶಿಫಾರಸು ಮಾಡಿತು. ಒಂದನ್ನು ಸರಿಯಾದ ಸಮಯಕ್ಕೆ ಪಡೆದ ಆರೋಗ್ಯವಂತ ಕೂಸಿಗೆ ಸಾಮಾನ್ಯವಾಗಿ ಇನ್ನೊಂದು ಬೇಕಿಲ್ಲ. ಎರಡನ್ನೂ ಕೊಡಿಸಿದರೆ ಎರಡರಷ್ಟು ರಕ್ಷಣೆ ಎಂದು ಸಾಲ ಮಾಡಿ ಓಡಾಡಬೇಡಿ.

ಇಷ್ಟು ವರ್ಷ ಇಲ್ಲದ್ದು ಈಗ ಹೇಗೆ ಬಂತು ಎಂದು ಹಿರಿಯರು ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆಯೇ. ಈ ವೈರಸ್ 1956ರಲ್ಲಿ ಮೊದಲು ಸಿಕ್ಕಿದ್ದು ಅಮೆರಿಕದ ಪ್ರಯೋಗಾಲಯದ ಚಿಂಪಾಂಜಿಗಳಲ್ಲಿ. ಮರುವರ್ಷವೇ ಮಕ್ಕಳಲ್ಲಿ ಕಂಡಿತು. 1960ರ ದಶಕದಲ್ಲಿ ಮಾಡಿದ ಲಸಿಕೆ ಕಾಪಾಡುವ ಬದಲು ರೋಗವನ್ನು ಬಿಗಡಾಯಿಸಿತು, ಎರಡು ಮಕ್ಕಳು ತೀರಿಕೊಂಡವು. ಆ ಪೆಟ್ಟಿನಿಂದ ಸಂಶೋಧನೆ ದಶಕಗಳ ಕಾಲ ಕುಂಟಿತು. 2013ರಲ್ಲಿ ಜೇಸನ್ ಮೆಕ್‌ಲೆಲನ್, ಬಾರ್ನಿ ಗ್ರಹಾಂ ಮತ್ತು ಸಂಗಡಿಗರು ವೈರಸ್ಸಿನ ಮೈಮೇಲಿನ ಎಫ್ ಪ್ರೋಟೀನು ಜೀವಕೋಶಕ್ಕೆ ಅಂಟುವ ಮುನ್ನ ಯಾವ ಆಕಾರದಲ್ಲಿರುತ್ತದೆ ಎಂಬುದನ್ನು ಬಿಡಿಸಿ ತೋರಿಸಿದರು. ಈಗಿನ ಲಸಿಕೆ ನಿಂತಿರುವುದು ಆ ಆಕಾರದ ಮೇಲೆ. ಹಳೆಯ ಲಸಿಕೆ ಎಡವಿದ್ದು ಎಲ್ಲಿ ಎಂಬುದು ಗೊತ್ತಾದ ಮೇಲೆ ಮಾಡಿದ್ದು ಇದು.

ತಾಯಿಯ ಲಸಿಕೆಯ ದೊಡ್ಡ ಪರೀಕ್ಷೆಯ ಫಲಿತಾಂಶ 2023ರಲ್ಲಿ ಪ್ರಕಟವಾಯಿತು. ಹುಟ್ಟಿದ ಮೊದಲ ಮೂರು ತಿಂಗಳಲ್ಲಿ ತೀವ್ರ ಆರ್‌ಎಸ್‌ವಿ ಕಾಯಿಲೆಯನ್ನು ಅದು ಶೇ. 82ರಷ್ಟು, ಆರು ತಿಂಗಳ ಲೆಕ್ಕದಲ್ಲಿ ಶೇ. 69ರಷ್ಟು ತಡೆಯಿತು. ಅದೇ ಪರೀಕ್ಷೆಯ ಇನ್ನೊಂದು ಅಂಕಿಯನ್ನೂ ಮುಚ್ಚಿಡದೆ ಹೇಳಬೇಕು. ಲಸಿಕೆ ಪಡೆದವರಲ್ಲಿ ಶೇ. 5.7, ಪಡೆಯದವರಲ್ಲಿ ಶೇ. 4.7 ಮಂದಿಗೆ ದಿನ ತುಂಬುವ ಮೊದಲೇ ಹೆರಿಗೆಯಾಯಿತು. ಇಷ್ಟು ಅಂತರ ಆಕಸ್ಮಿಕವಾಗಿಯೂ ಬರಬಹುದು. ಆದರೆ ಬೇರೊಂದು ಕಂಪನಿಯ ಇಂಥದೇ ಲಸಿಕೆಯ ಪರೀಕ್ಷೆಯನ್ನು ಅವಧಿಪೂರ್ವ ಹೆರಿಗೆ ಹೆಚ್ಚಾದದ್ದರಿಂದ 2022ರಲ್ಲಿ ನಿಲ್ಲಿಸಲಾಗಿತ್ತು. ಹೀಗಾಗಿ ಅಮೆರಿಕ ಎಚ್ಚರ ವಹಿಸಿ 32ರಿಂದ 36ನೇ ವಾರದ ನಡುವೆ ಮಾತ್ರ ಹಾಕಿಸುತ್ತದೆ. ಬ್ರಿಟನ್ನು 2024ರ ಸೆಪ್ಟೆಂಬರಿನಿಂದ 28ನೇ ವಾರದಿಂದಲೇ ಎಲ್ಲ ಬಸುರಿಯರಿಗೂ ಉಚಿತವಾಗಿ ಹಾಕುತ್ತಿದೆ. ಲಂಡನ್ನಿನಲ್ಲಿರುವ ಮಗಳು ಒಂದು ಹೇಳಿ, ಅಮೆರಿಕದಲ್ಲಿರುವ ಸೊಸೆ ಇನ್ನೊಂದು ಹೇಳಿದರೆ ಇಬ್ಬರ ಮಾತೂ ಅವರವರ ದೇಶಕ್ಕೆ ಸರಿಯೇ. ಹಿಂದೆ ದಿನ ತುಂಬದೆ ಹೆರಿಗೆಯಾದವರು, ಅವಳಿ ಇರುವವರು, ರಕ್ತದೊತ್ತಡ ಇರುವವರು ಸ್ತ್ರೀರೋಗ ತಜ್ಞರ ಮುಂದೆ ಇದನ್ನು ಬಾಯಿಬಿಟ್ಟು ಹೇಳಿಯೇ ಮುಂದುವರಿಯಬೇಕು.

ಬಸುರಿಯರ ಮೇಲೆ ಪ್ರಯೋಗ ಯಾಕೆ ಮಾಡಬೇಕು ಎಂಬ ಅಸಮಾಧಾನವೂ ಇದೆ. ನಮ್ಮ ಜಿಲ್ಲೆಯ ಹೆಣ್ಣುಮಕ್ಕಳೇ ಇದಕ್ಕೆ ಉತ್ತರ ಕೊಟ್ಟಿದ್ದಾರೆ. 2002ರಿಂದ 2005ರವರೆಗೆ ಬೆಳಗಾವಿ ಜಿಲ್ಲೆಯ ಹಳ್ಳಿಗಳ 1,620 ಮಂದಿ ಒಂದು ಅಧ್ಯಯನದಲ್ಲಿ ಪಾಲ್ಗೊಂಡರು. ಹೆರಿಗೆಯಾದ ತಕ್ಷಣ ಕೊಡುವ ಮಿಸೊಪ್ರೊಸ್ಟಾಲ್ ಗುಳಿಗೆ ಅತಿರಕ್ತಸ್ರಾವವನ್ನು ಶೇ. 12ರಿಂದ 6.4ಕ್ಕೆ ಇಳಿಸುತ್ತದೆ ಎಂಬುದನ್ನು ಜಗತ್ತಿಗೆ ತೋರಿಸಿದ್ದು ಆ ಅಧ್ಯಯನ. ಗುಳಿಗೆ ಕೊಟ್ಟವರು ಉಪಕೇಂದ್ರದ ನರ್ಸಮ್ಮಂದಿರು. ಬಸುರಿಯರನ್ನು ಬಿಟ್ಟು ಪರೀಕ್ಷೆ ಮಾಡಿದ ಔಷಧ ಬಸುರಿಯರಿಗೆ ಭರವಸೆ ಕೊಡಲಾರದು.

ನಿಮ್ಮ ಮನೆಗೆ ಯಾವುದು

ಸರ್ಕಾರದ ಉಚಿತ ಲಸಿಕಾ ಪಟ್ಟಿಯಲ್ಲಿ ಈ ಎರಡೂ ಇಲ್ಲ. ಬೇಕೆಂದವರು ಖಾಸಗಿಯಾಗಿ ದುಡ್ಡು ಕೊಟ್ಟು ಪಡೆಯಬೇಕು, ಬೆಲೆ ಬಡವರ ಕೈಗೆ ಎಟುಕುವಂಥದ್ದಲ್ಲ. ಊರ ಮೆಡಿಕಲ್ ಅಂಗಡಿಯಲ್ಲಿ ಇಟ್ಟುಕೊಂಡಿರುವ ಸರಕೂ ಅಲ್ಲ. ಅನುಮತಿ, ದಾಸ್ತಾನು, ಬೆಲೆ ಬದಲಾಗುತ್ತ ಇರುತ್ತವೆ. ಆದ್ದರಿಂದ ಏಳನೇ ತಿಂಗಳ ತಪಾಸಣೆಗೆ ಹೋದಾಗ ಸ್ತ್ರೀರೋಗ ತಜ್ಞರನ್ನೂ ಮಕ್ಕಳ ವೈದ್ಯರನ್ನೂ ನೇರವಾಗಿ ಕೇಳಿ: ಇವುಗಳಲ್ಲಿ ಯಾವುದು ಈಗ ಇಲ್ಲಿ ಸಿಗುತ್ತದೆ, ಎಷ್ಟು ದಿನ ಮೊದಲು ಹೇಳಬೇಕು, ಯಾರು ಹಾಕುತ್ತಾರೆ, ಒಟ್ಟು ಖರ್ಚೆಷ್ಟು. ಗೋಕಾಕ, ಹುಕ್ಕೇರಿಯಲ್ಲಿ ಉತ್ತರ ಸಿಗದಿದ್ದರೆ ಬೆಳಗಾವಿಯಲ್ಲಿ, ಸಂಕೇಶ್ವರದ ಕಡೆಯವರು ಕೊಲ್ಲಾಪುರದಲ್ಲಿ ವಿಚಾರಿಸಬಹುದು.

ದಿನ ತುಂಬಿ ಹೆರಿಗೆಯಾಗುವ ಲಕ್ಷಣವಿದ್ದು, ತಾಯಿಯ ಲಸಿಕೆ ಸಿಗುವುದಾದರೆ ಅದೊಂದೇ ಸಾಕು. ಲಸಿಕೆ ಹಾಕಿಸಿ ಹದಿನಾಲ್ಕು ದಿನ ಆಗುವ ಮೊದಲೇ ಹೆರಿಗೆಯಾದರೆ ಪ್ರತಿಕಾಯ ದಾಟಲು ಸಮಯ ಸಿಕ್ಕಿರುವುದಿಲ್ಲ. ಅಂಥ ಕೂಸಿಗೆ ನಿರ್ಸೆವಿಮ್ಯಾಬ್ ಕೇಳಬೇಕು. ದಿನ ತುಂಬದೆ ಹುಟ್ಟಿದ ಕೂಸಿಗೂ ಇದೇ ಮಾತು, ಯಾಕೆಂದರೆ ತಾಯಿಯ ಪ್ರತಿಕಾಯಗಳು ಹೆಚ್ಚಾಗಿ ದಾಟುವುದು ಕೊನೆಯ ವಾರಗಳಲ್ಲಿ. ಹುಟ್ಟಾ ಹೃದಯದ ತೊಂದರೆ ಇರುವ, ಶ್ವಾಸಕೋಶ ಬಲಿಯದ ಕೂಸುಗಳಿಗೆ ಇದು ಎಲ್ಲರಿಗಿಂತ ಮೊದಲು ಸಲ್ಲಬೇಕು. ನನ್ನ ಅಭಿಪ್ರಾಯ ಕೇಳಿದರೆ, ಮನೆಯಲ್ಲಿ ಒಂದಕ್ಕೆ ಮಾತ್ರ ದುಡ್ಡು ಹೊಂದುವಂತಿದ್ದು ಕೂಸು ದಿನ ತುಂಬದೆ ಹುಟ್ಟಿದ್ದರೆ ತೊಟ್ಟಿಲು ಕಾರ್ಯದ ಊಟವನ್ನು ಚಿಕ್ಕದು ಮಾಡಿ ಆ ಹಣವನ್ನು ಇದಕ್ಕೆ ಹಾಕಬೇಕು.

ಫೆಬ್ರವರಿ, ಮಾರ್ಚಿನಲ್ಲಿ ಹುಟ್ಟಿದ ಕೂಸಿಗೆ ಆಗಲೇ ಅವಸರ ಮಾಡುವ ಬದಲು ಮಳೆಗಾಲಕ್ಕೆ ಮೊದಲು ಕೊಡಿಸಬಹುದೇ ಎಂದು ಮಕ್ಕಳ ವೈದ್ಯರನ್ನು ಕೇಳಿ. ಐದಾರು ತಿಂಗಳ ರಕ್ಷಣೆ ಸೋಂಕಿನ ಕಾಲಕ್ಕೆ ಒದಗಬೇಕು.

ಇಲ್ಲಿ ಒಂದು ಎಚ್ಚರಿಕೆ. ಅರೆಕ್ಸ್‌ವಿ ಎಂಬ ಇನ್ನೊಂದು ಆರ್‌ಎಸ್‌ವಿ ಲಸಿಕೆ ಇದೆ. ಅದು ವಯಸ್ಸಾದವರಿಗೆ, ಬಸುರಿಯರಿಗಲ್ಲ. ಹೆಸರಿನ ಗೊಂದಲದಲ್ಲಿ ಬಸುರಿಯರಿಗೆ ಅದನ್ನು ಚುಚ್ಚಿದ ಪ್ರಸಂಗಗಳು ಅಮೆರಿಕದಲ್ಲೇ ಆಗಿವೆ. ಸಿರಿಂಜಿಗೆ ತುಂಬುವ ಮೊದಲು ಡಬ್ಬಿಯ ಮೇಲಿನ ಹೆಸರನ್ನು ಗಟ್ಟಿಯಾಗಿ ಓದಿಸಿ, ಯಾರೂ ತಪ್ಪು ತಿಳಿಯುವುದಿಲ್ಲ. ಈ ಔಷಧಗಳನ್ನು 2ರಿಂದ 8 ಡಿಗ್ರಿ ತಂಪಿನಲ್ಲೇ ಇಡಬೇಕು. ಕರೆಂಟು ಹೋಗಿ ಬರುವ ನಮ್ಮೂರುಗಳಲ್ಲಿ ಬೆಳಗಾವಿಯಿಂದ ತಂದು ಮನೆಯ ಫ್ರಿಜ್ಜಿನಲ್ಲಿಡುವ ಯೋಚನೆ ಬೇಡ. ಔಷಧ ಇರುವಲ್ಲಿಗೆ ಕೂಸನ್ನು ಒಯ್ಯುವುದೇ ಸರಿ.

ದುಡ್ಡಿಲ್ಲದಿದ್ದರೆ ಏನೂ ಇಲ್ಲವೇ?

ಇದೆ, ಬಹಳ ಇದೆ. ದುಬಾರಿ ಚುಚ್ಚುಮದ್ದು ಕೊಡಿಸಲಾಗಲಿಲ್ಲ ಎಂದು ಯಾವ ತಾಯಿಯೂ ತನ್ನನ್ನು ಹಳಿದುಕೊಳ್ಳಬಾರದು.

ಕೂಸಿನ ನ್ಯುಮೋನಿಯಾಕ್ಕೆ ಆರ್‌ಎಸ್‌ವಿ ಒಂದೇ ಕಾರಣವಲ್ಲ. ನ್ಯುಮೊಕಾಕಸ್ ವಿರುದ್ಧದ ಪಿಸಿವಿ ಲಸಿಕೆ 2021ರಿಂದ ದೇಶದಾದ್ಯಂತ ಉಚಿತ: ಆರನೇ ವಾರ, ಹದಿನಾಲ್ಕನೇ ವಾರ, ಒಂಬತ್ತನೇ ತಿಂಗಳು. ಹಿಬ್ ಮತ್ತು ನಾಯಿಕೆಮ್ಮಿನ ವಿರುದ್ಧದ ರಕ್ಷಣೆ ಆರು, ಹತ್ತು, ಹದಿನಾಲ್ಕನೇ ವಾರದ ಪೆಂಟಾವೇಲೆಂಟ್‌ನಲ್ಲಿದೆ. ತವರಿನಲ್ಲಿದ್ದೇವೆ, ಊರಿಗೆ ಹೋದ ಮೇಲೆ ಹಾಕಿಸೋಣ ಎಂದು ಆರನೇ ವಾರದ ಲಸಿಕೆಯನ್ನು ಮೂರನೇ ತಿಂಗಳಿಗೆ ದೂಡುವುದು ನಮ್ಮಲ್ಲಿ ಮಾಮೂಲಾಗಿದೆ. ದೇಶದ ಯಾವ ಸರ್ಕಾರಿ ಕೇಂದ್ರದಲ್ಲಾದರೂ ಹಾಕುತ್ತಾರೆ. ತವರು ಗಡಹಿಂಗ್ಲಜವಿರಲಿ, ನಿಪ್ಪಾಣಿಯಿರಲಿ, ತಾಯಿ ಕಾರ್ಡು ಕೈಯಲ್ಲಿದ್ದರೆ ಆಯಿತು.

ಬಸುರಿಗೆ ಫ್ಲೂ ಲಸಿಕೆಯೂ ಇದೆ. ಆರು ತಿಂಗಳೊಳಗಿನ ಕೂಸಿಗೆ ಅದನ್ನು ಹಾಕುವಂತಿಲ್ಲ, ತಾಯಿಯಿಂದಲೇ ಬರಬೇಕು. ಆರೋಗ್ಯ ಕೇಂದ್ರದಲ್ಲಿ ಕೊಡುವ ಟಿಡಿ ಧನುರ್ವಾಯು ಮತ್ತು ಗಂಟಲಮಾರಿಗೆ. ನಾಯಿಕೆಮ್ಮನ್ನೂ ಸೇರಿಸಿಕೊಂಡ ಟಿಡ್ಯಾಪ್ ಖಾಸಗಿಯಲ್ಲಿ ಸಿಗುತ್ತದೆ, 27ರಿಂದ 36ನೇ ವಾರದೊಳಗೆ ಹಾಕಿಸುವುದು. ದೇಶದ ಸ್ತ್ರೀರೋಗ ತಜ್ಞರ ಒಕ್ಕೂಟವಾದ ಫಾಗ್ಸಿ ಫ್ಲೂ ಮತ್ತು ಟಿಡ್ಯಾಪ್ ಎರಡನ್ನೂ ಶಿಫಾರಸು ಮಾಡುತ್ತದೆ. ಪ್ರತಿ ತಿಂಗಳ 9ನೇ ತಾರೀಖು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರ ಉಚಿತ ತಪಾಸಣೆ ಇರುತ್ತದೆ, ಈ ಪ್ರಶ್ನೆಗಳನ್ನು ಕೇಳಲು ಅದೇ ದಿನ ಹೋಗಿ.

ಹುಟ್ಟಿದ ಒಂದು ತಾಸಿನೊಳಗೆ ಎದೆಗೆ ಹಾಕುವುದು, ಆರು ತಿಂಗಳು ಬರೀ ಎದೆಹಾಲು. ಇದಕ್ಕೆ ಯಾವ ದುಡ್ಡೂ ಬೇಡ. ತಾಯಿಗೇ ನೆಗಡಿಯಾದರೂ ಹಾಲು ನಿಲ್ಲಿಸಬಾರದು. ಮೂಗು ಬಾಯಿಗೆ ಬಟ್ಟೆ ಕಟ್ಟಿ, ಕೈ ತೊಳೆದು ಕುಡಿಸಿದರೆ ಆಯಿತು. ಕಡಿಮೆ ತೂಕದ ಕೂಸನ್ನು ಬರಿಯೆದೆಗೆ ಅಪ್ಪಿಕೊಂಡಿರುವ ಕಾಂಗರೂ ಆರೈಕೆಯನ್ನು ಅಪ್ಪನೂ ಮಾಡಬಹುದು, ಅಜ್ಜಿಯೂ ಮಾಡಬಹುದು.

ಇನ್ನು ಹೊಗೆ. ಬಾಣಂತಿ ಕೋಣೆಯ ಹೊಗೆಯ ಬಗ್ಗೆ ಮನೆಯ ಹಿರಿಯರ ಜತೆ ಜಗಳವಾಡದೆ, ಆದರೆ ಬಿಡದೆ ಮಾತಾಡಬೇಕು. ಅಡುಗೆಗೆ ಗ್ಯಾಸ್ ಬಂದಿದ್ದರೂ ಬಾಣಂತಿಯ ನೀರು ಕಾಯುವುದು ಇನ್ನೂ ಬಚ್ಚಲ ಒಲೆಯ ಮೇಲೆ, ಕಟ್ಟಿಗೆ ಇಲ್ಲವೇ ರವದಿಯ ಉರಿಯಲ್ಲಿ. ಎರೆದ ಮೇಲೆ ಲೋಬಾನದ ಹೊಗೆ, ಹೊರಸಿನ ಕೆಳಗೆ ಶೇಗಡಿಯ ಕೆಂಡ. ಬೆಚ್ಚಗಿಡಬೇಕೆಂಬ ಹಿರಿಯರ ಕಾಳಜಿ ನಿಜವಾದದ್ದು, ಕೂಸಿಗೆ ಬಿಸುಪು ಬೇಕು. ಅದು ಟೊಪ್ಪಿಗೆ, ಕುಂಚಿಗೆ, ತಾಯಿಯ ಮೈಯಿಂದ ಸಿಗಲಿ. ಹೊಗೆ ಕೂಸಿನ ಉಸಿರ್ನಾಳವನ್ನು ಕೆರಳಿಸಿ ಸೋಂಕಿಗೆ ದಾರಿ ಮಾಡುತ್ತದೆ. ಮುಚ್ಚಿದ ಕೋಣೆಯ ಕೆಂಡದಿಂದ ಬರುವ ವಿಷಗಾಳಿಗೆ ವಾಸನೆಯೂ ಇರುವುದಿಲ್ಲ. ಎರೆಯುವಾಗ ಮೂಗಿಗೆ ಎಣ್ಣೆ ಬಿಡುವುದನ್ನೂ ನಿಲ್ಲಿಸಬೇಕು. ಆ ಎಣ್ಣೆ ಶ್ವಾಸಕೋಶಕ್ಕಿಳಿದರೆ ಬೇರೆಯೇ ನ್ಯುಮೋನಿಯಾ. ಗಂಡಸರ ಬೀಡಿ, ಸಿಗರೇಟು ಅಂಗಳದಾಚೆ.

ಕೂಸಿಗೆ ವೈರಸ್ ತರುವುದು ಹೆಚ್ಚಾಗಿ ಮನೆಯ ದೊಡ್ಡ ಮಕ್ಕಳು, ಅಂಗನವಾಡಿಯಿಂದ, ಶಾಲೆಯಿಂದ. ಕೈ ತೊಳೆಯದೆ ತೊಟ್ಟಿಲು ಮುಟ್ಟಬಾರದೆಂದು ಅವರಿಗೆ ಹೇಳಿಕೊಡಿ. ತೊಟ್ಟಿಲು ಕಾರ್ಯಕ್ಕೆ ಬಂದವರು ಕೂಸನ್ನು ಕೈಯಿಂದ ಕೈಗೆ ದಾಟಿಸುವುದು, ಮುತ್ತಿಡುವುದು ಬೇಡ. ಸೊಸೆ ಹೇಳಿದರೆ ಸೊಕ್ಕು ಎನ್ನಿಸಿಕೊಂಡೀತು. ಈ ಮಾತನ್ನು ಅತ್ತೆಯೇ ಆಡಬೇಕು.

ಕಬ್ಬಿನ ಹಂಗಾಮಿನಲ್ಲಿ ಹೊರಗಿನಿಂದ ಬರುವ ಕಬ್ಬು ಕಡಿಯುವ ಗ್ಯಾಂಗಿನ ಬಸುರಿಯರು, ಬಾಣಂತಿಯರು ಗದ್ದೆಯ ಬದಿಯ ಗುಡಿಸಲುಗಳಲ್ಲಿ ಇದೇ ಚಳಿಗಾಲವನ್ನು ಕಳೆಯುತ್ತಾರೆ. ಮೇಲಿನದೆಲ್ಲ ಅತ್ಯಂತ ಹೆಚ್ಚು ಬೇಕಾದದ್ದು ಅವರ ಕೂಸುಗಳಿಗೆ, ಅತ್ಯಂತ ಕಡಿಮೆ ತಲುಪುವುದೂ ಅವರಿಗೇ. ನಿಮ್ಮ ಹೊಲದಲ್ಲಿ ಗ್ಯಾಂಗ್ ಇಳಿದ ದಿನವೇ ಊರಿನ ಆಶಾ ಕಾರ್ಯಕರ್ತೆಗೆ ಒಂದು ಫೋನ್ ಮಾಡಿ. ಕಾರ್ಡು ಎಲ್ಲಿಯದಾದರೂ ಲಸಿಕೆ ಸಿಗುತ್ತದೆ.

ಉಸಿರು ಎಣಿಸಿ

ಏನೆಲ್ಲ ಮಾಡಿದರೂ ಕೆಲವು ಕೂಸುಗಳಿಗೆ ಸೋಂಕು ತಗಲುತ್ತದೆ. ಮೂಗು ಸೋರುವುದರಿಂದ ಶುರುವಾಗಿ ಮೂರರಿಂದ ಐದನೇ ದಿನದ ಹೊತ್ತಿಗೆ ಅದು ಜೋರಾಗುತ್ತದೆ. ಎರಡನೇ ದಿನ ವೈದ್ಯರು ಪರವಾಗಿಲ್ಲ ಎಂದಿದ್ದರೂ ನಾಲ್ಕನೇ ದಿನ ಮತ್ತೆ ನೋಡಬೇಕು. ಹಾಲೂಡುವ ಮುಂಚೆ ಮೂಗಿಗೆ ಸಲೈನ್ ಹನಿ ಹಾಕಿ, ಸ್ವಲ್ಪ ಸ್ವಲ್ಪವಾಗಿ ಮೇಲಿಂದ ಮೇಲೆ ಕುಡಿಸಿ.

ಕೂಸು ಅಳದೆ ಮಲಗಿರುವಾಗ ಅಂಗಿ ಮೇಲೆತ್ತಿ, ಫೋನಿನಲ್ಲಿ ಗಡಿಯಾರ ಇಟ್ಟುಕೊಂಡು ಪೂರ್ತಿ ಒಂದು ನಿಮಿಷ ಉಸಿರು ಎಣಿಸಿ. ಎರಡು ತಿಂಗಳೊಳಗಿನ ಕೂಸಿಗೆ 60 ಅಥವಾ ಹೆಚ್ಚು, ಎರಡರಿಂದ ಹನ್ನೆರಡು ತಿಂಗಳಿನದಕ್ಕೆ 50 ಅಥವಾ ಹೆಚ್ಚು ಬಂದರೆ ಆಸ್ಪತ್ರೆಗೆ ಹೊರಡಿ. ಪಕ್ಕೆ ಸೆಳೆತ, ನರಳಾಟದ ಸದ್ದು, ತುಟಿ ನೀಲಿಗಟ್ಟುವುದು, ಹಾಲು ಬಿಡುವುದು, ಎಬ್ಬಿಸಿದರೂ ಏಳದ ಮಂಪರು, ನಡುವೆ ಉಸಿರು ನಿಂತು ಹೋಗುವುದು ಕಂಡರೆ ಎಣಿಸುತ್ತ ಕೂರಬೇಡಿ. ತೀರ ಎಳೆಯ ಕೂಸಿಗೆ ಕೆಮ್ಮೇ ಇಲ್ಲದೆ ಉಸಿರು ನಿಲ್ಲುವುದೊಂದೇ ಲಕ್ಷಣವಾಗಿರಬಹುದು. ಎರಡು ತಿಂಗಳೊಳಗಿನ ಕೂಸಿಗೆ ಜ್ವರ ಬಂದರೂ, ಮೈ ತಣ್ಣಗಾದರೂ ಅವತ್ತೇ ತೋರಿಸಬೇಕು. ಹೆರಿಗೆಯ ನಂತರ ಆಶಾ ಕಾರ್ಯಕರ್ತೆ ಮೂರನೇ ದಿನದಿಂದ 42ನೇ ದಿನದವರೆಗೆ ಆರು ಸಲ ಮನೆಗೆ ಬರುತ್ತಾರೆ. ಎಣಿಸುವುದನ್ನು ಅವರಿಂದಲೇ ಕಲಿತುಕೊಳ್ಳಿ.

ಕೆಮ್ಮಿನ ಸಿರಪ್ ಮುಟ್ಟಬೇಡಿ. ಮಧ್ಯಪ್ರದೇಶದಲ್ಲಿ ವಿಷ ಬೆರೆತ ಸಿರಪ್ಪಿನಿಂದ ಮಕ್ಕಳು ಸತ್ತ ಮೇಲೆ, 2025ರ ಅಕ್ಟೋಬರಿನಲ್ಲಿ, ಎರಡು ವರ್ಷದೊಳಗಿನವರಿಗೆ ಕೆಮ್ಮು ನೆಗಡಿಯ ಔಷಧ ಕೊಡಲೇಬಾರದೆಂದು ಕೇಂದ್ರ ಆರೋಗ್ಯ ಇಲಾಖೆ ಹೇಳಿದೆ. ಬರೆ ಹಾಕಿಸುವುದು ಇನ್ನೂ ಅಲ್ಲಲ್ಲಿ ಉಳಿದಿದೆ. ಸುಟ್ಟ ಗಾಯದ ನೋವಿನಲ್ಲಿ ಕೂಸು ಹಾಲು ಬಿಡುತ್ತದೆ, ಆಸ್ಪತ್ರೆ ಒಂದು ದಿನ ತಡವಾಗುತ್ತದೆ. ಆ ಒಂದು ದಿನವೇ ಜೀವ.

ಎಲ್ಲಿಗೆ ಹೋಗುವುದು ಎಂಬುದನ್ನು ಮೊದಲೇ ಗೊತ್ತು ಮಾಡಿಕೊಂಡಿರಿ. ರಾತ್ರಿ ಮಕ್ಕಳ ವೈದ್ಯರು ಇರುತ್ತಾರೆಯೇ, ಆಮ್ಲಜನಕ ಇದೆಯೇ ಎಂದು ತಾಲೂಕು ಆಸ್ಪತ್ರೆಯಲ್ಲೂ ಘಟಪ್ರಭಾದ ಆಸ್ಪತ್ರೆಗಳಲ್ಲೂ ಬಸುರಿ ಇರುವಾಗಲೇ ವಿಚಾರಿಸಿ. ಅಲ್ಲಿಂದ ಮುಂದಕ್ಕೆ ಬೆಳಗಾವಿಯ ಬಿಮ್ಸ್ ಇಲ್ಲವೇ ಕೆಎಲ್‌ಇ ಆಸ್ಪತ್ರೆ. ಗೋಕಾಕದಿಂದ ಬೆಳಗಾವಿಗೆ ಒಂದು ತಾಸಿಗೂ ಹೆಚ್ಚಿನ ಹಾದಿ, ಮೂಡಲಗಿಯವರಿಗೆ ಇನ್ನೂ ದೂರ. ಆದ್ದರಿಂದ ಮೊದಲು ಹತ್ತಿರದಲ್ಲಿ ಆಮ್ಲಜನಕ ಹಚ್ಚಿಸಿ, ಆಮೇಲೆ 108ರಲ್ಲಿ ಮುಂದೆ ಸಾಗುವುದು ಸರಿ. ಒಂದು ವರ್ಷದೊಳಗಿನ ಕೂಸಿನ ಚಿಕಿತ್ಸೆ, ಔಷಧ, ತಪಾಸಣೆ, ಸಾಗಣೆ ಸರ್ಕಾರಿ ಆಸ್ಪತ್ರೆಯಲ್ಲಿ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಉಚಿತ. ದುಡ್ಡು ಹೊಂದಿಸಿಕೊಂಡು ಹೋಗೋಣ ಎಂದು ಬೆಳಗಿನವರೆಗೆ ಕಾಯಬೇಡಿ.

ಹೊರಡುವಾಗ ತಾಯಿ ಕಾರ್ಡು ಚೀಲದಲ್ಲಿರಲಿ. ತಾಯಿಗೆ ಲಸಿಕೆ ಆಗಿದ್ದರೆ ಅದರ ತಾರೀಖು, ಕೂಸಿಗೆ ನಿರ್ಸೆವಿಮ್ಯಾಬ್ ಆಗಿದ್ದರೆ ಅದರ ತಾರೀಖು ಮತ್ತು ಪ್ರಮಾಣವನ್ನು ಕಾರ್ಡಿನ ಮೇಲೇ ಬರೆಸಿ, ಬಾಟಲಿಯ ಚೀಟಿಯನ್ನು ಅಲ್ಲೇ ಅಂಟಿಸಿಡಿ. ಆಸ್ಪತ್ರೆಗೆ ಕೂಸನ್ನು ಒಯ್ಯುವವರು ಗಾಬರಿಯಲ್ಲಿರುವ ಸೋದರಮಾವನೋ ಪಕ್ಕದ ಮನೆಯವರೋ ಆಗಿರಬಹುದು. ಯಾವ ಚುಚ್ಚುಮದ್ದು ಎಂದು ವೈದ್ಯರು ಕೇಳಿದಾಗ ಅವರು ಆ ಕಾರ್ಡನ್ನು ತೋರಿಸಿದರೆ ಸಾಕು.